ಉಡಿದಾರ

ವಿನೋಬನಗರದ ಅಂಗಿಗಳ ಸುಕ್ಕೆಲ್ಲ ಬಲ್ಲೆ ನಾನು.
ಯಾರ ಕಾಲರಿಗೆ ಎಣ್ಣೆ, ಯಾರ ಕಂಕುಳಿಗೆ ಉಪ್ಪು,
ಯಾವ ಮೇಷ್ಟ್ರ ಜೇಬಿನಲ್ಲಿ ಕರಗಿದ ಪೆಪ್ಪರಮೆಂಟು.
ನನ್ನ ಸೊಂಟದ ಸುದ್ದಿ ಮಾತ್ರ
ಮೂರು ವರ್ಷ ಯಾರಿಗೂ ಹೇಳಲಿಲ್ಲ.

ಬಂದಾಗ ನಾಲ್ಕಾಣೆಯಷ್ಟಿತ್ತು,
ಉಡಿದಾರದ ಗಂಟಿನ ಕೆಳಗೆ, ಕೆಂಪಗೆ.
ಕಿಡಿ ಬಿದ್ದ ಬಟ್ಟೆ ನೋಡಿದ್ದೀರಲ್ಲ,
ನಡುವೆ ತಣ್ಣಗಾಗಿ ಅಂಚಿನಲ್ಲಿ ಉರಿಯುತ್ತ
ಮುಂದೆ ಮುಂದೆ ಹೋಗುತ್ತದಲ್ಲ, ಹಾಗೆ.

ಮೆಡಿಕಲ್ ಶಾಪಿನ ಪದ್ಮರಾಜ ಮುಖ ಎತ್ತದೆ
ಟ್ಯೂಬು ಕೊಟ್ಟ. ಅರವತ್ತೈದು ರೂಪಾಯಿ.
ಹಚ್ಚಿದ ರಾತ್ರಿಯೇ ತುರಿಕೆ ಸತ್ತಿತು.
ಒಂಬತ್ತು ದಿನ ಕಲ್ಲಿನಂತೆ ಮಲಗಿದೆ.
ಹತ್ತನೆಯ ದಿನ ಎದ್ದು ಬಂತು, ಮಕ್ಕಳುಮರಿ ಸಮೇತ.
ಮತ್ತೆ ಟ್ಯೂಬು. ಮತ್ತೆ ಒಂಬತ್ತು ದಿನ.
ಆಮೇಲೆ ಆರು. ಆಮೇಲೆ ಮೂರು.
ಚರ್ಮ ಈರುಳ್ಳಿ ಸಿಪ್ಪೆಯಾಯಿತು,
ತೊಡೆಸಂದಿಯಲ್ಲಿ ಬಿಳಿ ಗೆರೆ ಬಿದ್ದವು
ಹೆತ್ತವಳ ಹೊಟ್ಟೆಯ ಹಾಗೆ.

ಸೀಮೆ ಅಗಸೆ ಸೊಪ್ಪು ಅರೆದು ಹಚ್ಚಿದೆ.
ಯಾರೋ ಸೀಮೆಎಣ್ಣೆ ಅಂದರು, ಅದನ್ನೂ.
ತೀರ್ಥಹಳ್ಳಿ ಕಡೆಯ ಗಿರಾಕಿಯೊಬ್ಬರು ನಾಗದೋಷ ಅಂದರು.
ಬಲಗೈ ಇಸ್ತ್ರಿಯ ಮೇಲೆ,
ಸೊಂಟ ಬೆಂಚಿನ ಅಂಚಿಗೆ ಒತ್ತಿ ಒತ್ತಿ ತಿಕ್ಕುವುದು;
ಯಾರಾದರೂ ಬಂದರೆ
ಬಿದ್ದ ಗುಂಡಿ ಹುಡುಕುವವನಂತೆ ಬಗ್ಗುವುದು.
ತುರಿಕೆಗಿಂತ ಕಷ್ಟ ಆ ನಾಟಕ.

ಶ್ರಾವಣಕ್ಕೆ ಹಾಲಮ್ಮನ ಎದೆಯ ಕೆಳಗೆ ಬಂತು.
ಭಾದ್ರಪದಕ್ಕೆ ಮೊಮ್ಮಗಳ ಕೆನ್ನೆಗೆ.
ಅದು ಕನ್ನಡಿ ನೋಡಿಕೊಂಡು ಅಂತು,
"ಅಜ್ಜ, ಚಂದ್ರ ಅಂಟಿಕೊಂಡಿದೆ."
ಮರುದಿನ ಗಾಡಿ ತೆರೆಯಲಿಲ್ಲ.

ಸರ್ಕಾರಿ ಆಸ್ಪತ್ರೆ, ಚರ್ಮದ ವಿಭಾಗ,
ಚೀಟಿ ನಂಬರ್ ಎಂಬತ್ತೊಂದು.
ಡಾಕ್ಟರಮ್ಮನ ಹೆಸರು ಜುಬೇದಾ.
ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಉದುರಿಸಿ,
ದುರ್ಬೀನಿಗೆ ನನ್ನ ಕಣ್ಣನ್ನೂ ಹಚ್ಚಿಸಿದರು.
ನೂಲು. ಕೊಂಬೆ ಒಡೆದ ನೂಲು.
ಇಷ್ಟು ದಿನ ನನ್ನ ಚರ್ಮದೊಳಗೆ
ಯಾರೋ ಹೊಲಿಗೆ ಹಾಕುತ್ತಿದ್ದರು.

"ಆ ಟ್ಯೂಬು ಎಸೀರಿ.
ಅದು ಬೆಂಕಿ ಆರಿಸಲ್ಲ, ಮೇಲೆ ಬೂದಿ ಮುಚ್ಚತ್ತೆ ಅಷ್ಟೆ."
(ನನ್ನ ಹೆಸರು ಬೂದ್ಯಪ್ಪ. ನಗು ತಡೆದುಕೊಂಡೆ.)
"ಮೂರೂ ಜನಕ್ಕೆ ಒಟ್ಟಿಗೆ ಮದ್ದು. ವಾರಗಟ್ಟಲೆ.
ಕಲೆ ಹೋಯ್ತು ಅಂತ ನಿಲ್ಲಿಸೋ ಹಾಗಿಲ್ಲ.
ಮುಲಾಮು ಅಂಚಿನಿಂದ ಎರಡು ಬೆರಳು ಆಚೆಗೂ.
ಟವೆಲ್ ಬೇರೆ ಬೇರೆ. ಒಳಬಟ್ಟೆ ಬಿಸಿನೀರಲ್ಲಿ;
ಬಿಸಿಲು ಸಿಗದಿದ್ರೆ ತಿರುವಿ ಹಾಕಿ ಇಸ್ತ್ರಿ ಮಾಡಿ."

ನಲವತ್ತು ವರ್ಷ ಊರ ಬಟ್ಟೆಗೆ ಬೆಂಕಿ ತೋರಿಸಿದವನು
ನನ್ನ ಚಡ್ಡಿಯನ್ನು ತೇವದಲ್ಲೇ ಏರಿಸಿಕೊಂಡು ಬಂದಿದ್ದೆ.

ಆಮೇಲೆ ಅವರು ಪೆನ್ನಿನ ತುದಿಯಿಂದ
ದಾರವನ್ನು ಎತ್ತಿದರು.
"ಇದನ್ನೂ ತೆಗೀಬೇಕು."

ಮೊದಲು ಕಟ್ಟಿದ್ದು ಅವ್ವ.
ಹಳತಾದರೆ ಹೊಸದು ಕಟ್ಟಿಯೇ ಹಳೆಯದು ಬಿಚ್ಚಬೇಕು,
ಒಂದು ಗಳಿಗೆಯೂ ಸೊಂಟ ಬರಿದಿರಬಾರದು.
ನಮ್ಮಲ್ಲಿ ಉಡಿದಾರ ಹರಿಯುವುದು ಒಂದೇ ಸಲ,
ಆಗ ತೊಟ್ಟವನಿಗೆ ಅದು ಗೊತ್ತಾಗುವುದಿಲ್ಲ.
ಹೇಳಿದೆ. ಅವರು ಏನೂ ಅನ್ನಲಿಲ್ಲ.
ಕೈ ತೊಳೆದರು. ಮುಂದಿನ ಚೀಟಿ ಕೂಗಲಿಲ್ಲ.
ಕಾದರು.

ರಾತ್ರಿ ಹಾಲಮ್ಮ ಕತ್ತರಿ ಮುಟ್ಟಲಿಲ್ಲ,
ಗೋಡೆ ಕಡೆ ತಿರುಗಿ ಕೂತಳು.
ನಾನೇ ಕತ್ತರಿಸಿದೆ.
ಬೆವರು ಕುಡಿದು ಗಡುಸಾದ ಕರಿದಾರ,
ಸತ್ತ ಮೇಲೂ ಸೊಂಟದ ಗುಂಡಗೆ ಬಿಡದೆ
ಅಂಗೈಯಲ್ಲಿ ಸುತ್ತಿಕೊಂಡೇ ಇತ್ತು.
ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆರೆದು ಕೆಂಡಕ್ಕಿಟ್ಟೆ.
ಕೂದಲು ಸುಟ್ಟ ವಾಸನೆ.

"ಇದೀರಾ?" ಅಂದಳು, ತಿರುಗದೆ.

"ತುರಿಸ್ತಾ ಇದೆ," ಅಂದೆ.